ಎಪಿಐ ಭದ್ರತೆ: ಕರಾವಳಿಯ ಸ್ವಯಂಸೇವಕರಿಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಸಾಫ್ಟ್‌ವೇರ್ ಬರೆಯುವ, ಪರೀಕ್ಷಿಸುವ, ಕಲಿಸುವ ಕೆಲವರು ಬಿಡುವಿನ ಭಾನುವಾರಗಳಲ್ಲಿ ಸೇರಿ ಎಪಿಐ ಭದ್ರತೆಯ ಅಭ್ಯಾಸ ಮಾಡುತ್ತೇವೆ. ಯಾರಾದರೂ ಕೇಳಿಕೊಂಡರೆ ಅವರ ಆ್ಯಪ್ ಅನ್ನು ಲಿಖಿತ ಒಪ್ಪಿಗೆ ಪಡೆದು ನೋಡಿಕೊಡುತ್ತೇವೆ. ನಮ್ಮ ಗುಂಪಿಗೆ ಹೆಸರಿಲ್ಲ, ನೋಂದಣಿಯಿಲ್ಲ, ಬ್ಯಾನರೂ ಇಲ್ಲ. ಹೊಸಬರು ಬಂದಾಗಲೆಲ್ಲ ಹಳೆಯ ಪ್ರಶ್ನೆಗಳೇ ಬರುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ.

ಎಪಿಐ ಎಂದರೇನು? ಚುಟುಕಾಗಿ ಹೇಳಿ.

ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಮಾಹಿತಿಯನ್ನೋ ಕೆಲಸವನ್ನೋ ಕೇಳಲು ಗೊತ್ತುಮಾಡಿರುವ ದಾರಿ. ಕರೆಂಟ್ ಬಿಲ್ ನೋಡಲು ನೀವು ಮೊಬೈಲಿನಲ್ಲಿ ಗುಂಡಿ ಒತ್ತಿದಾಗ ಆ್ಯಪ್ ಸರ್ವರ್‌ಗೆ ಒಂದು ವಿನಂತಿ ಕಳುಹಿಸುತ್ತದೆ; ಸರ್ವರ್ ಹೆಸರು, ಮೊತ್ತ, ಕೊನೆಯ ದಿನಾಂಕ ಇರುವ ಉತ್ತರ ಕೊಡುತ್ತದೆ. ಬಣ್ಣ, ವಿನ್ಯಾಸ, ಗುಂಡಿಗಳೆಲ್ಲ ಫೋನಿನಲ್ಲೇ ತಯಾರಾಗುವಂಥವು. ನಡುವೆ ಓಡಾಡುವುದು ಬಹುಮಟ್ಟಿಗೆ ಸಾದಾ ಪಠ್ಯ. ಆ ಪಠ್ಯವನ್ನು ಫೋನಿನ ಮಾಲೀಕ ಓದಬಹುದು, ಮನಸ್ಸಿಗೆ ಬಂದಂತೆ ತಿದ್ದಿಯೂ ಕಳುಹಿಸಬಹುದು. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ನೀವು ಪಾಠ ಮಾಡುವ ಎಪಿಐ ದೋಷಗಳ ಪಟ್ಟಿ ಯಾರದು?

ಸಾಫ್ಟ್‌ವೇರ್ ಭದ್ರತೆಗಾಗಿ ದುಡಿಯುವ ಓವಾಸ್ಪ್ ಎಂಬ ಲಾಭರಹಿತ ಸಂಸ್ಥೆಯದು. 2001ರಲ್ಲಿ ಅಮೆರಿಕದಲ್ಲಿ ಶುರುವಾದ ಇದಕ್ಕೆ ಈಗ ಜಗತ್ತಿನ ಎಲ್ಲೆಡೆ ಸ್ವಯಂಸೇವಕರಿದ್ದಾರೆ. ವೆಬ್ ತಾಣಗಳಲ್ಲಿ ಕಾಣುವ ಹತ್ತು ಮುಖ್ಯ ದೋಷಗಳ ಪಟ್ಟಿಯನ್ನು ಅದು 2003ರಿಂದ ಆಗಾಗ ಪರಿಷ್ಕರಿಸಿ ಹೊರತರುತ್ತಿದೆ. ಎಪಿಐಗಳಿಗೆಂದೇ ಪ್ರತ್ಯೇಕ ಪಟ್ಟಿ 2019ರಲ್ಲಿ ಬಂತು. ಅದರ ಎರಡನೆಯ ಆವೃತ್ತಿ 2023ರದು. ಅದನ್ನು ಬರೆದವರಾರೂ ಸಂಬಳಕ್ಕಾಗಿ ಬರೆದದ್ದಲ್ಲ. ಯಾರು ಬೇಕಾದರೂ ಮೂಲವನ್ನು ಉಲ್ಲೇಖಿಸಿ ಹಂಚಬಹುದಾದ, ಅನುವಾದಿಸಬಹುದಾದ ಮುಕ್ತ ಪರವಾನಗಿ ಅದಕ್ಕಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಪಟ್ಟಿಯಲ್ಲಿ ಮೊದಲು ಬಂದದ್ದೇ ಅತಿ ದೊಡ್ಡ ಅಪಾಯ, ಹತ್ತನೆಯದು ಅತಿ ಚಿಕ್ಕದು ಎಂದು ಅಂಕಿಅಂಶದಿಂದ ಸಾಬೀತಾಗಿಲ್ಲ. ದತ್ತಾಂಶ ಕೊಡಿ ಎಂದು ಸಾರ್ವಜನಿಕವಾಗಿ ಕೇಳಿದಾಗ ಲೆಕ್ಕ ಹಾಕಲು ಸಾಕಾಗುವಷ್ಟು ಬರಲಿಲ್ಲ ಎಂದು ಪಟ್ಟಿ ಮಾಡಿದವರೇ ಒಪ್ಪಿಕೊಂಡಿದ್ದಾರೆ. ಕ್ರಮಾಂಕ ಅನುಭವಿಗಳ ಒಮ್ಮತದಿಂದ ಬಂದದ್ದು. ಹಾಗಾಗಿ ಸಂದರ್ಶನಕ್ಕೆಂದು ಅದನ್ನು ಬಾಯಿಪಾಠ ಮಾಡುವ ಹುಡುಗರನ್ನು ಕಂಡರೆ ನಮಗೆ ಸ್ವಲ್ಪ ಸಿಡಿಮಿಡಿ.

ವೆಬ್ ಪಟ್ಟಿ ಇರುವಾಗ ಎಪಿಐಗೆ ಇನ್ನೊಂದು ಏಕೆ?

ಹಳೆಯ ವೆಬ್ ತಾಣಗಳಲ್ಲಿ ಪುಟವನ್ನು ಸರ್ವರೇ ಕಟ್ಟಿ ಕಳುಹಿಸುತ್ತಿತ್ತು. ಏನು ತೋರಿಸಬೇಕು, ಏನು ಬಿಡಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತಿತ್ತು. ಮೊಬೈಲ್ ಆ್ಯಪ್ ಬಂದ ಮೇಲೆ ಸರ್ವರ್ ಕಚ್ಚಾ ಮಾಹಿತಿ ಕೊಟ್ಟು ಕೈತೊಳೆದುಕೊಳ್ಳುವುದು, ಆರಿಸಿ ತೋರಿಸುವ ಕೆಲಸ ಆ್ಯಪ್‌ನ ಪಾಲಿಗೆ ಬರುವುದು ರೂಢಿಯಾಯಿತು. ದೋಷಗಳ ಸ್ವರೂಪವೂ ಅದಕ್ಕೆ ತಕ್ಕಂತೆ ಬದಲಾಯಿತು. 2023ರ ಪಟ್ಟಿಯ ಹತ್ತರಲ್ಲಿ ಮೂರು ‘ಯಾರಿಗೆ ಏನು ಅನುಮತಿ’ ಎಂಬುದಕ್ಕೇ ಸಂಬಂಧಿಸಿದವು. ಒಂದನೆಯದು, ಮೂರನೆಯದು, ಐದನೆಯದು.

ಒಂದನೆಯ ದೋಷವನ್ನು ಬಿಡಿಸಿ ಹೇಳುತ್ತೀರಾ?

ಹೇಳುತ್ತೇವೆ, ಏಕೆಂದರೆ ನಮ್ಮ ಭಾನುವಾರಗಳ ಹೆಚ್ಚಿನ ಪಾಲು ಇದರಲ್ಲೇ ಕಳೆಯುತ್ತದೆ.

ಕರಾವಳಿಯವರಿಗೆ ಪಿಗ್ಮಿ ಏನೆಂದು ವಿವರಿಸಬೇಕಾಗಿಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಈ ದಿನವಹಿ ಠೇವಣಿಯನ್ನು ಸಂಗ್ರಹಿಸಲು ಏಜೆಂಟರು ಅಂಗಡಿ ಅಂಗಡಿಗೂ, ಮನೆ ಮನೆಗೂ ಬರುತ್ತಿದ್ದರು. ಈಗ ಸೊಸೈಟಿಗಳ ಏಜೆಂಟರ ಕೈಯಲ್ಲೂ ಮೊಬೈಲ್ ಇದೆ. ಅಂಥದೊಂದು ಆ್ಯಪ್ ಅನ್ನು ಊಹಿಸಿಕೊಳ್ಳಿ. ಏಜೆಂಟ್ ಲಾಗಿನ್ ಆಗುತ್ತಾರೆ, ಸರ್ವರ್ ಒಂದು ಟೋಕನ್ ಕೊಡುತ್ತದೆ, ಅಂದರೆ ಮುಂದಿನ ಪ್ರತಿ ವಿನಂತಿಯ ಜೊತೆ ತೋರಿಸಬೇಕಾದ ಗುರುತಿನ ಚೀಟಿ. ಅವರು ತಮ್ಮ ಲೈನಿನ ಗ್ರಾಹಕರ ಹೆಸರು ಒತ್ತಿದರೆ ಆ್ಯಪ್ ಖಾತೆ ಸಂಖ್ಯೆ 1041ರ ವಿವರ ಕೊಡು ಎಂದು ಕೇಳುತ್ತದೆ. ಸರ್ವರ್ ಟೋಕನ್ ನೋಡುತ್ತದೆ, ಸರಿಯಿದೆ. ಖಾತೆಯನ್ನು ಹುಡುಕುತ್ತದೆ, ಸಿಗುತ್ತದೆ. ವಿವರ ಕೊಡುತ್ತದೆ.

ಈಗ 1041ರ ಜಾಗದಲ್ಲಿ 1042 ಎಂದು ತಿದ್ದಿ ಕಳುಹಿಸಿ. 1042 ಇನ್ನೊಬ್ಬ ಏಜೆಂಟರ ಲೈನಿನದು. ಟೋಕನ್ ಸರಿಯಿದೆ, ಖಾತೆಯೂ ಇದೆ. ಸರ್ವರ್ ಈ ಬಾರಿಯೂ ಕೊಟ್ಟುಬಿಟ್ಟಿತೇ? ಕೊಟ್ಟರೆ ಅದೇ ಒಂದನೆಯ ದೋಷ. ಲಾಗಿನ್ ಆದವರು ಯಾರು ಎಂದು ಕೇಳಿದ ಸರ್ವರ್, ಕೇಳುತ್ತಿರುವ ವಸ್ತು ಅವರಿಗೆ ಸೇರಿದ್ದೇ ಎಂದು ಕೇಳಲಿಲ್ಲ. ಕೃಷ್ಣ ಮಠದ ಹೊರಗೆ ಚಪ್ಪಲಿ ಇಡುವಲ್ಲಿ ಬಿಲ್ಲೆ ತೋರಿಸದೆ ಬರಿಯ ನಂಬರ್ ಹೇಳಿದರೆ ಯಾರ ಚಪ್ಪಲಿ ಬೇಕಾದರೂ ಸಿಗುವಂತಿದ್ದರೆ ಹೇಗಿರುತ್ತಿತ್ತೋ ಹಾಗೆ.

ಇದನ್ನು ಮಾಡಲು ಹ್ಯಾಕರ್ ಆಗಿರಬೇಕಿಲ್ಲ. ಎಣಿಸಲು ಬಂದರೆ ಸಾಕು. ಒಂದರಿಂದ ಶುರುಮಾಡಿ ಹತ್ತು ಸಾವಿರದವರೆಗೆ ಕೇಳುವ ಪ್ರೋಗ್ರಾಂ ಬರೆಯಲು ಹತ್ತು ಸಾಲು ಬೇಕಾಗುವುದಿಲ್ಲ. ಭದ್ರತಾ ಸಾಧನಗಳಿಗೂ ಇದು ಸುಲಭವಾಗಿ ಕಾಣುವುದಿಲ್ಲ. ಏಕೆಂದರೆ ಪ್ರತಿಯೊಂದು ವಿನಂತಿಯೂ ನೋಡಲು ಶುದ್ಧ, ಸಭ್ಯ.

ಖಾತೆ ಸಂಖ್ಯೆಯ ಬದಲು ಊಹಿಸಲಾಗದ ಉದ್ದನೆಯ ಸಂಕೇತ ಕೊಟ್ಟರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಎಣಿಸಿಕೊಂಡು ಹೋಗುವವನಿಗೆ ಅಡ್ಡಿಯಾಗುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಆ ಸಂಕೇತಗಳು ಎಲ್ಲಿಯೋ ಸೋರುತ್ತವೆ: ಹಂಚಿಕೊಂಡ ಲಿಂಕ್‌ನಲ್ಲಿ, ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗ್ ಕಡತದಲ್ಲಿ, ಅದೇ ಆ್ಯಪ್‌ನ ಇನ್ನೊಂದು ಎಪಿಐ ಕೊಡುವ ಉತ್ತರದಲ್ಲಿ. ಓವಾಸ್ಪ್‌ನ ಅಭ್ಯಾಸದ ಆ್ಯಪ್ ‘ಕ್ರಾಪಿ’ಯಲ್ಲಿ ಇದಕ್ಕೆಂದೇ ಒಂದು ಸವಾಲಿದೆ. ಕಾರಿನ ಗುರುತು ಊಹಿಸಲಾಗದ ಉದ್ದನೆಯ ಸಂಕೇತ. ಆದರೆ ಬಳಕೆದಾರರ ಚರ್ಚಾ ವಿಭಾಗಕ್ಕೆ ಹೋಗಿ ಅಲ್ಲಿ ಬರುವ ಉತ್ತರವನ್ನು ಬಿಚ್ಚಿ ನೋಡಿದರೆ ಬರೆದವರ ಕಾರಿನ ಸಂಕೇತವೂ ಅದರಲ್ಲೇ ಕುಳಿತಿರುತ್ತದೆ. ಪರದೆಯ ಮೇಲೆ ಅದು ಕಾಣುವುದಿಲ್ಲ. ಅದನ್ನು ಹಾಕಿ ಕೇಳಿದರೆ ಕಾರು ಎಲ್ಲಿ ನಿಂತಿದೆ ಎಂಬುದು ಸಿಗುತ್ತದೆ. ಊಹಿಸುವ ಪ್ರಮೇಯವೇ ಬರಲಿಲ್ಲ. ಸಂಕೇತ ಎಷ್ಟೇ ಉದ್ದವಿರಲಿ, ‘ಇದು ನಿಮ್ಮದೇ’ ಎಂಬ ಪ್ರಶ್ನೆಯನ್ನು ಸರ್ವರ್ ಪ್ರತಿ ಬಾರಿಯೂ ಕೇಳಲೇಬೇಕು.

ನಮ್ಮ ಆ್ಯಪ್‌ನಲ್ಲಿ ಆ ಗುಂಡಿಯೇ ಇಲ್ಲ. ಮತ್ತೆ ಹೇಗೆ ಒತ್ತುತ್ತಾರೆ?

ಈ ಪ್ರಶ್ನೆಯನ್ನು ಆ್ಯಪ್ ಬರೆಯುವವರೇ ಕೇಳುತ್ತಾರೆ ಎಂಬುದು ಬೇಸರದ ಸಂಗತಿ. ಗುಂಡಿ ಇಲ್ಲದಿದ್ದರೆ ಒತ್ತಲಾಗದು ನಿಜ, ಆದರೆ ವಿನಂತಿ ಕಳುಹಿಸಲು ಗುಂಡಿ ಬೇಕಾಗಿಲ್ಲ. ಏಜೆಂಟರ ಆ್ಯಪ್‌ನಲ್ಲಿ ‘ಸಾಲ ಮಂಜೂರು’ ಕಾಣಿಸದೇ ಇರಬಹುದು. ಮ್ಯಾನೇಜರ್ ಬಳಸುವ ವಿಳಾಸಕ್ಕೆ ಏಜೆಂಟರ ಟೋಕನ್ ಹಚ್ಚಿ ಕಳುಹಿಸಿದರೆ ಸರ್ವರ್ ಬೇಡ ಎನ್ನುತ್ತದೆಯೇ? ಇದು ಪಟ್ಟಿಯ ಐದನೆಯದು.

ಮೂರನೆಯದಕ್ಕೆ ಎರಡು ಮುಖ. ಒಂದು, ಉತ್ತರದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೊಡುವುದು: ಪರದೆಯಲ್ಲಿ ಹೆಸರು ಮತ್ತು ಬಾಕಿ ಮಾತ್ರ, ಆದರೆ ಒಳಗಿನ ಉತ್ತರದಲ್ಲಿ ಮೊಬೈಲ್ ಸಂಖ್ಯೆ, ಆಧಾರ್, ನಾಮಿನಿಯ ಹೆಸರು ಎಲ್ಲ ಇರುತ್ತದೆ. ಡೇಟಾಬೇಸಿನ ಸಾಲನ್ನು ಇಡಿಯಾಗಿ ಎತ್ತಿ ಕಳುಹಿಸುವ ಸೋಮಾರಿತನವೇ ಇದಕ್ಕೆ ಕಾರಣ. ಇನ್ನೊಂದು, ಬಂದದ್ದನ್ನೆಲ್ಲ ಬರೆದುಕೊಳ್ಳುವುದು: ವಿಳಾಸ ಬದಲಿಸುವ ವಿನಂತಿಗೆ ಯಾರೋ ‘ಹುದ್ದೆ: ಮ್ಯಾನೇಜರ್’ ಎಂದು ಒಂದು ಸಾಲು ಸೇರಿಸಿ ಕಳುಹಿಸಿದರೆ ಸರ್ವರ್ ಅದನ್ನೂ ಕಣ್ಣುಮುಚ್ಚಿ ದಾಖಲಿಸುತ್ತದೆ. 2019ರ ಪಟ್ಟಿಯಲ್ಲಿ ಇವು ಎರಡು ಬೇರೆ ಬೇರೆ ಅಂಶಗಳಾಗಿದ್ದವು; 2023ರಲ್ಲಿ ಒಂದಾಗಿಸಿದರು.

ಉಳಿದವು?

ಎರಡನೆಯದು ಗುರುತು ದೃಢೀಕರಿಸುವಲ್ಲಿನ ಲೋಪ. ನಾಲ್ಕು ಅಂಕಿಯ ಒಟಿಪಿಗೆ ಇರುವುದು ಹತ್ತು ಸಾವಿರ ಸಾಧ್ಯತೆ. ಎಷ್ಟು ಸಲ ತಪ್ಪಿದರೂ ಸರ್ವರ್ ಸುಮ್ಮನಿದ್ದರೆ ಕಂಪ್ಯೂಟರಿಗೆ ಅದು ಕೆಲವು ನಿಮಿಷಗಳ ಕೆಲಸ. ನಾಲ್ಕನೆಯದು ಮಿತಿಯಿಲ್ಲದ ಬಳಕೆ: ಒಟಿಪಿ ಕಳುಹಿಸುವ ಎಪಿಐಯನ್ನು ಯಾರೋ ರಾತ್ರಿಯಿಡೀ ಬಡಿದರೆ ಪ್ರತಿ ಎಸ್‌ಎಂಎಸ್‌ನ ಕಾಸು ನಿಮ್ಮ ಜೇಬಿನಿಂದ ಹೋಗುತ್ತದೆ. ಆರನೆಯದು ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ದೀಪಾವಳಿಗೆ ಬೆಂಗಳೂರಿನಿಂದ ಮಂಗಳೂರಿಗೆ ಬರುವ ಬಸ್ಸಿನ ಸೀಟುಗಳನ್ನು ಬುಕಿಂಗ್ ತೆರೆದ ಕೂಡಲೇ ಒಂದು ಪ್ರೋಗ್ರಾಂ ಹಿಡಿದಿಟ್ಟುಕೊಂಡರೆ ಅಲ್ಲಿ ಯಾವ ವಿನಂತಿಯೂ ತಪ್ಪಲ್ಲ, ಒಟ್ಟು ಪರಿಣಾಮ ಮಾತ್ರ ತಪ್ಪು. ಏಳನೆಯದರಲ್ಲಿ ಹೊರಗಿನವರು ಕೊಟ್ಟ ವಿಳಾಸಕ್ಕೆ ಸರ್ವರೇ ಹೋಗಿ ಒಳಗಿನ ಗುಟ್ಟು ತಂದುಕೊಡುತ್ತದೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಹತ್ತು ಕೋಟಿಗೂ ಹೆಚ್ಚು ಜನರ ಮಾಹಿತಿ ಸೋರಿದ್ದು ಈ ಜಾತಿಯ ದೋಷದಿಂದ. ಎಂಟು, ಸಂರಚನೆಯ, ಅಂದರೆ ಸೆಟ್ಟಿಂಗ್‌ಗಳ ತಪ್ಪುಗಳು. ಹತ್ತು, ಬೇರೆಯವರ ಎಪಿಐ ಕೊಟ್ಟದ್ದನ್ನು ಪರೀಕ್ಷಿಸದೆ ನುಂಗುವುದು. ಒಂಬತ್ತರ ಬಗ್ಗೆ ಮುಂದಿನ ಉತ್ತರದಲ್ಲಿ ಹೇಳುತ್ತೇವೆ.

ಇದೆಲ್ಲ ಪುಸ್ತಕದ ಬದನೆಕಾಯಿಯೋ, ನಿಜವಾಗಿ ನಡೆದಿದೆಯೋ?

ಆಸ್ಟ್ರೇಲಿಯಾದ ದೂರಸಂಪರ್ಕ ಕಂಪನಿ ಆಪ್ಟಸ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಸುಮಾರು 95 ಲಕ್ಷ ಜನರ ಮಾಹಿತಿ ಹೊರಬಿತ್ತು. ಅಲ್ಲಿನ ನಿಯಂತ್ರಣ ಪ್ರಾಧಿಕಾರ ನ್ಯಾಯಾಲಯಕ್ಕೆ ಹೇಳಿದ ಪ್ರಕಾರ 2018ರಲ್ಲೇ ಕೋಡ್‌ನಲ್ಲಿ ಆದ ತಪ್ಪೊಂದು ಎಪಿಐಯ ಪ್ರವೇಶ ನಿಯಂತ್ರಣವನ್ನು ಕೆಡಿಸಿತ್ತು. 2021ರಲ್ಲಿ ಮುಖ್ಯ ತಾಣದಲ್ಲಿ ಅದನ್ನು ಗುರುತಿಸಿ ಸರಿಪಡಿಸಿದರು. ಯಾರೂ ಬಳಸದೆ ಬಿದ್ದಿದ್ದ, ಆದರೆ ಇಂಟರ್ನೆಟ್‌ಗೆ ತೆರೆದೇ ಇದ್ದ ಇನ್ನೊಂದು ವಿಳಾಸದಲ್ಲಿ ಅದೇ ತಪ್ಪು ಹಾಗೇ ಉಳಿಯಿತು. ಒಂಬತ್ತನೆಯ ದೋಷ ಇದೇ: ತಮ್ಮಲ್ಲಿ ಯಾವ ಯಾವ ಎಪಿಐ ಜೀವಂತವಾಗಿದೆ ಎಂಬ ಲೆಕ್ಕ ಇಲ್ಲದಿರುವುದು.

ಅಮೆರಿಕದ ಅಂಚೆ ಇಲಾಖೆಯಲ್ಲಿ ಲಾಗಿನ್ ಆದ ಯಾರು ಬೇಕಾದರೂ ಸುಮಾರು ಆರು ಕೋಟಿ ಇತರ ಬಳಕೆದಾರರ ವಿವರ ನೋಡಬಹುದಿತ್ತು. ಒಬ್ಬ ಸಂಶೋಧಕ ವರ್ಷ ಮೊದಲೇ ತಿಳಿಸಿದ್ದರೂ ಅದು ದುರಸ್ತಿಯಾದದ್ದು 2018ರ ನವೆಂಬರ್‌ನಲ್ಲಿ, ಪತ್ರಕರ್ತರೊಬ್ಬರು ಕೈಹಾಕಿದ ಮೇಲೆ. ಅಮೆರಿಕದ ಮೊಬೈಲ್ ಕಂಪನಿ ಟಿ-ಮೊಬೈಲ್ 2023ರ ಜನವರಿಯಲ್ಲಿ 3.7 ಕೋಟಿ ಖಾತೆಗಳ ಮಾಹಿತಿ ಒಂದು ಎಪಿಐ ಮೂಲಕ ಹೋಯಿತೆಂದು ಪ್ರಕಟಿಸಿತು. ಇವರಲ್ಲಿ ಯಾರೂ ಪುಟ್ಟ ಸಂಸ್ಥೆಗಳಲ್ಲ.

ನಮ್ಮದು ಪುಟ್ಟ ಸಹಕಾರಿ ಸಂಘ. ನಮ್ಮ ಮೇಲೆ ಯಾರಿಗೆ ಕಣ್ಣು?

ಎಪಿಐಗಳನ್ನು ಹುಡುಕುತ್ತಾ ತಿರುಗುವ ಪ್ರೋಗ್ರಾಂಗಳಿಗೆ ಸಂಘ ಪುತ್ತೂರಿನದೋ ಪ್ಯಾರಿಸ್ಸಿನದೋ ಎಂಬ ಭೇದವಿಲ್ಲ. ಅಲ್ಲದೆ ಸದಸ್ಯರ ಹೆಸರು, ಮೊಬೈಲ್, ಠೇವಣಿಯ ಮೊತ್ತ, ಅವಧಿ ಮುಗಿಯುವ ದಿನ ಇವಿಷ್ಟು ಸಿಕ್ಕರೆ ವಂಚಕ ಕರೆ ಮಾಡಿ ‘ನಿಮ್ಮ ಎಫ್‌ಡಿ ಮೆಚ್ಯೂರ್ ಆಗಿದೆ’ ಎಂದು ನಂಬಿಸಲು ಬೇರೇನೂ ಬೇಡ. ಅಡಿಕೆ ಮಾರಿದ ಹಣವನ್ನು ಸಂಘದಲ್ಲಿಟ್ಟ ಹಿರಿಯರಿಗೆ ಅಂಥ ಕರೆ ಬಂದರೆ ನಂಬದಿರಲು ಕಾರಣವೇ ಇರುವುದಿಲ್ಲ, ಏಕೆಂದರೆ ಹೇಳಿದ ಪ್ರತಿಯೊಂದು ವಿವರವೂ ನಿಜ.

ಕಾನೂನಿನ ಬಾಧ್ಯತೆಯೂ ಇದೆ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, 180 ದಿನಗಳ ಲಾಗ್ ಇಟ್ಟಿರಬೇಕು ಎಂಬ ನಿರ್ದೇಶನ 2022ರ ಏಪ್ರಿಲ್‌ನಿಂದಲೇ ಇದೆ. ‘ಆ್ಯಪ್ ಮಾಡಿಕೊಟ್ಟವರನ್ನು ಕೇಳಿ’ ಎಂದು ಆಡಳಿತ ಮಂಡಳಿ ಜಾರಿಕೊಳ್ಳುವ ಹಾಗಿಲ್ಲ.

ದುಬಾರಿ ಫೈರ್‌ವಾಲ್ ಹಾಕಿಸಿದ್ದೇವಲ್ಲ?

ಇರಲಿ, ಅನುಮಾನಾಸ್ಪದ ವಿನಂತಿಗಳನ್ನು ಬಾಗಿಲಲ್ಲೇ ತಡೆಯುವಂಥ ಬೇರೆ ಉಪಯೋಗಗಳು ಅದರಿಂದ ಇವೆ. ಆದರೆ 1042ನೆಯ ಖಾತೆ ಯಾರ ಲೈನಿನದು ಎಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅದು ನಿಮ್ಮ ಡೇಟಾಬೇಸಿಗೆ ಮತ್ತು ನಿಮ್ಮ ಮ್ಯಾನೇಜರಿಗೆ ಮಾತ್ರ ಗೊತ್ತಿರುವ ವಿಷಯ.

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಬಂದು ಏನು ಮಾಡಲಿ?

ಬನ್ನಿ, ನಿಜವಾಗಿ ನಿಮ್ಮಂಥವರೇ ಬೇಕು. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಕರ್ಣಾಟಕ ಬ್ಯಾಂಕ್, ವಿಜಯಾ ಬ್ಯಾಂಕ್ ಎಲ್ಲವೂ ಹುಟ್ಟಿದ ನೆಲ ಇದು. ನಿವೃತ್ತ ಬ್ಯಾಂಕ್ ಅಧಿಕಾರಿ ಇಲ್ಲದ ಬೀದಿ ಇಲ್ಲಿ ಸಿಗುವುದು ಕಷ್ಟ. ಅವರಿಗೆ ಟೋಕನ್ ಎಂದರೇನೆಂದು ಗೊತ್ತಿಲ್ಲದಿರಬಹುದು. ಆದರೆ ‘ವೋಚರ್ ಬರೆದವನೇ ಪಾಸ್ ಮಾಡಬಹುದೇ’, ‘ಬೇರೆ ಶಾಖೆಯ ಖಾತೆಯನ್ನು ಈ ಗುಮಾಸ್ತ ಏಕೆ ನೋಡಬೇಕು’ ಎಂದು ಅವರು ಕೇಳಿದರೆ ಪಟ್ಟಿಯ ಐದನೆಯದನ್ನೂ ಒಂದನೆಯದನ್ನೂ ಒಟ್ಟಿಗೆ ಕೇಳಿದಂತಾಯಿತು. ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರಿಗೆ ವಿನಂತಿಯನ್ನು ತಿದ್ದಿ ಕಳುಹಿಸುವುದು ಬೇಗ ಕರಗತವಾಗುತ್ತದೆ, ಯಾವುದನ್ನು ತಿದ್ದಬೇಕು ಎಂಬುದು ಹೊಳೆಯುವುದಿಲ್ಲ. ಹಾಗಾಗಿ ಒಂದು ಲ್ಯಾಪ್‌ಟಾಪಿನ ಮುಂದೆ ಇಬ್ಬಿಬ್ಬರನ್ನು ಕೂರಿಸುತ್ತೇವೆ.

ಅಭ್ಯಾಸ ಯಾವುದರ ಮೇಲೆ?

ಮೊದಲೇ ಹೇಳಿದ ಕ್ರಾಪಿಯ ಮೇಲೆ. ಬೇಕೆಂದೇ ತೂತುಗಳನ್ನಿಟ್ಟು ಕಟ್ಟಿದ ಆ್ಯಪ್ ಅದು. ಇಂಥ ಆ್ಯಪ್‌ಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ನಡೆಸಲು ನೆರವಾಗುವ ಡಾಕರ್ ಎಂಬ ಸಾಫ್ಟ್‌ವೇರ್ ಇದ್ದರೆ ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಯಾರಿಗೂ ತೊಂದರೆಯಿಲ್ಲ. ಕಾರು ನೋಂದಾಯಿಸುವುದು, ಮೆಕ್ಯಾನಿಕ್‌ನನ್ನು ಕರೆಯುವುದು, ಬಿಡಿಭಾಗ ಕೊಳ್ಳುವುದು ಇಷ್ಟೇ ಅದರ ಕಥೆ. ನಡುವೆ ಓಡಾಡುವ ವಿನಂತಿಗಳನ್ನು ತಡೆದು ನೋಡಲು ಝ್ಯಾಪ್ ಎಂಬ ಉಚಿತ ಸಾಧನ ಸಾಕು. ಅಂಥದೇ ಇನ್ನೊಂದು ಸಾಧನವಾದ ಬರ್ಪ್ ಸೂಟ್‌ನ ಉಚಿತ ಆವೃತ್ತಿಯೂ ಆಗುತ್ತದೆ.

ಅದರಲ್ಲಿ ನಮಗೆ ಅಚ್ಚುಮೆಚ್ಚಿನ ಸವಾಲು ಬೇರೊಬ್ಬರ ಪಾಸ್‌ವರ್ಡ್ ಬದಲಿಸುವುದು. ಒಟಿಪಿಯನ್ನು ಒಂದೊಂದಾಗಿ ಹಾಕುತ್ತಾ ಹೋದರೆ ಕೆಲವು ಯತ್ನಗಳ ನಂತರ ಸರ್ವರ್ ತಡೆಯುತ್ತದೆ. ಹೆಚ್ಚಿನವರು ಇಲ್ಲಿ ಕೈಚೆಲ್ಲುತ್ತಾರೆ. ವಿನಂತಿಯ ವಿಳಾಸವನ್ನು ದಿಟ್ಟಿಸಿ ನೋಡಿದರೆ ನಡುವೆ ‘ವಿ 3’ ಎಂದಿರುತ್ತದೆ. ಅದನ್ನು ‘ವಿ 2’ ಎಂದು ತಿದ್ದಿ. ಹಳೆಯ ಆವೃತ್ತಿ ಇನ್ನೂ ಉಸಿರಾಡುತ್ತಿದೆ, ಅದಕ್ಕೆ ಯತ್ನಗಳ ಮಿತಿಯೇ ಇಲ್ಲ. ಆಪ್ಟಸ್‌ನ ಕಥೆ ಓದಿದಾಗ ತಲೆಯಾಡಿಸಿದವರಿಗೂ ಅದರ ಬಿಸಿ ನಿಜವಾಗಿ ತಟ್ಟುವುದು ಈ ಒಂದು ಅಂಕಿಯನ್ನು ತಿದ್ದಿದ ಮೇಲೆಯೇ.

ಕಲಿತ ಮೇಲೆ ಊರಿನ ಯಾವುದಾದರೂ ಆ್ಯಪ್ ಮೇಲೆ ಪ್ರಯೋಗ ಮಾಡಬಹುದೇ?

ಬೇಡ. ‘ಸುಮ್ಮನೆ ಒಂದು ನಂಬರ್ ಬದಲಿಸಿ ನೋಡಿದೆ’ ಎನ್ನುವುದೂ ಬೇಡ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಕೈಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ 43ನೆಯ ಕಲಮಿನಡಿ ಬರುತ್ತದೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸಜೆ, ಇಲ್ಲವೇ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಉದ್ದೇಶ ಒಳ್ಳೆಯದಿತ್ತು ಎಂದು ಠಾಣೆಯಲ್ಲಿ ವಿವರಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ಈ ನಿಯಮ ಒಪ್ಪದವರನ್ನು ನಾವು ಕೂರಿಸಿಕೊಳ್ಳುವುದಿಲ್ಲ.

ಹುಡುಕದೆಯೇ ಏನಾದರೂ ಕಣ್ಣಿಗೆ ಬಿದ್ದರೆ?

ಅಲ್ಲಿಗೇ ನಿಲ್ಲಿಸಿ. ಇನ್ನೂ ಎಷ್ಟು ಸಿಗುತ್ತದೆ ನೋಡೋಣ ಎಂದು ಮುಂದುವರಿಯಬೇಡಿ, ಬೇರೆಯವರ ಮಾಹಿತಿಯನ್ನು ಉಳಿಸಿಕೊಳ್ಳಬೇಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ. ಕೆಲವು ತಾಣಗಳು ‘ಸೆಕ್ಯುರಿಟಿ.ಟೆಕ್ಸ್ಟ್’ ಎಂಬ ಕಡತದಲ್ಲಿ ಇಂಥದ್ದನ್ನು ಯಾರಿಗೆ ತಿಳಿಸಬೇಕೆಂದು ಬರೆದಿಡುತ್ತವೆ. ಇದನ್ನು ಹೇಗೆ ಬರೆಯಬೇಕೆಂಬ ದಾಖಲೆಯನ್ನು ಇಂಟರ್ನೆಟ್ ಮಾನದಂಡಗಳ ಸಂಸ್ಥೆ ಐಇಟಿಎಫ್ 2022ರಲ್ಲಿ ಪ್ರಕಟಿಸಿದೆ. ಅದಿಲ್ಲದಿದ್ದರೆ, ಅಥವಾ ಪತ್ರಕ್ಕೆ ಉತ್ತರವೇ ಬಾರದಿದ್ದರೆ, ಕೇಂದ್ರ ಸರ್ಕಾರದ ಸರ್ಟ್-ಇನ್‌ಗೆ ವರದಿ ಮಾಡಬಹುದು. ಬಹುಮಾನ ಕೊಟ್ಟರೆ ಮಾತ್ರ ಹೇಳುತ್ತೇನೆ ಎಂಬ ಧಾಟಿ ಬೇಡ. ಅದು ಬೆದರಿಕೆಯಂತೆ ಓದಿಸಿಕೊಳ್ಳುತ್ತದೆ.

ಪತ್ರ ಬರೆಯಲು ನಾವು ಸಹಾಯ ಮಾಡುತ್ತೇವೆ. ಸೊಸೈಟಿಯ ಕಾರ್ಯದರ್ಶಿಗಳಿಗೆ ಕನ್ನಡದಲ್ಲೇ ಬರೆಯುತ್ತೇವೆ. ದೋಷದ ಇಂಗ್ಲಿಷ್ ಹೆಸರು ಬರೆದರೆ ಪತ್ರ ಕಡತಕ್ಕೆ ಹೋಗುತ್ತದೆ. ‘ಒಬ್ಬ ಏಜೆಂಟ್ ಇನ್ನೊಬ್ಬರ ಗ್ರಾಹಕರ ಬಾಕಿ ನೋಡಬಹುದಾಗಿದೆ’ ಎಂದು ಬರೆದರೆ ಫೋನ್ ಬರುತ್ತದೆ.

ಪ್ರಮಾಣಪತ್ರ ಕೊಡುತ್ತೀರಾ?

ಇಲ್ಲ. ಚಹಾ ಮತ್ತು ಗೋಳಿಬಜೆ ಇದೆ.

ನಮ್ಮ ತಂಡಕ್ಕೆ ಸಮಯವಿಲ್ಲ. ಒಂದೇ ಒಂದು ಪರೀಕ್ಷೆ ಮಾಡುವುದಾದರೆ?

ಪರೀಕ್ಷಾ ಸರ್ವರ್‌ನಲ್ಲಿ ಎರಡು ಖಾತೆ ತೆರೆಯಿರಿ. ಮೊದಲನೆಯ ಖಾತೆಯಿಂದ ಆ್ಯಪ್‌ನ ಎಲ್ಲ ಕೆಲಸಗಳನ್ನೂ ಮಾಡಿ, ಹೋದ ವಿನಂತಿಗಳನ್ನೆಲ್ಲ ಉಳಿಸಿಕೊಳ್ಳಿ. ಆಮೇಲೆ ಎರಡನೆಯ ಖಾತೆಯ ಟೋಕನ್ ಹಚ್ಚಿ ಅವೇ ವಿನಂತಿಗಳನ್ನು ಮತ್ತೆ ಕಳುಹಿಸಿ. ಸರ್ವರ್ 403 (ಅನುಮತಿಯಿಲ್ಲ) ಅಥವಾ 404 (ಅಂಥದ್ದಿಲ್ಲ) ಎಂದರೆ ಸರಿ. 200 (ಸರಿಯಿದೆ) ಎಂದು ಹೇಳಿ ಮೊದಲನೆಯವರ ಮಾಹಿತಿ ಕೊಟ್ಟಿತೋ, ಆ ಸಾಲಿಗೆ ಕೆಂಪು ಗುರುತು ಹಾಕಿ. ಬಳಿಕ ಟೋಕನ್ ತೆಗೆದೇ ಇನ್ನೊಮ್ಮೆ ಕಳುಹಿಸಿ. ಆಗ ಲಾಗಿನ್‌ನಂಥವನ್ನು ಬಿಟ್ಟು ಉಳಿದೆಲ್ಲದಕ್ಕೂ 401 (ಮೊದಲು ಲಾಗಿನ್ ಆಗಿ) ಬರಬೇಕು. ಇದನ್ನು ಒಮ್ಮೆ ಕೈಯಾರೆ ಮಾಡಿ ಮುಗಿಸಿದರೆ ಸಾಲದು. ಪ್ರತಿ ಬಿಡುಗಡೆಗೂ ಮೊದಲು ತಾನಾಗಿ ನಡೆಯುವಂತೆ ಬರೆದಿಡಿ, ಏಕೆಂದರೆ ಸರಿಯಿದ್ದದ್ದು ಮುಂದಿನ ತಿಂಗಳ ಬದಲಾವಣೆಯಲ್ಲಿ ಕೆಡುವುದು ಮಾಮೂಲು. ಎಐ ಸಾಧನದಿಂದ ಕೋಡ್ ಬರೆಸುವವರಿಗೂ ಇದೇ ಮಾತು. ನಿಮ್ಮ ಸಂಘದಲ್ಲಿ ಯಾವ ಏಜೆಂಟರಿಗೆ ಯಾವ ಲೈನ್ ಎಂದು ನೀವು ಹೇಳದಿದ್ದರೆ ಅದಕ್ಕೂ ತಿಳಿಯದು.

ಬರುವಾಗ ಏನು ತರಬೇಕು?

ಎಂಟು ಜಿಬಿಯಾದರೂ ಮೆಮೊರಿ ಇರುವ ಲ್ಯಾಪ್‌ಟಾಪ್. ಡಾಕರ್ ಮತ್ತು ಕ್ರಾಪಿಯನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ. ಎಲ್ಲರೂ ಒಂದೇ ವೈಫೈಯಲ್ಲಿ ಇಳಿಸಲು ಕುಳಿತರೆ ಮಧ್ಯಾಹ್ನದ ಊಟದ ಹೊತ್ತಿಗೂ ಶುರುವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿ ತುಂಬಿಸಿಕೊಂಡು ಬನ್ನಿ, ಗಾಳಿಮಳೆಗೆ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಕಚೇರಿಯ ಲ್ಯಾಪ್‌ಟಾಪ್ ತರಬೇಡಿ. ಅದರಲ್ಲಿ ಝ್ಯಾಪ್ ಹಾಕಿದರೆ ಸೋಮವಾರ ನಿಮ್ಮ ಐಟಿ ವಿಭಾಗಕ್ಕೆ ಉತ್ತರ ಹೇಳಬೇಕಾದವರು ನೀವೇ.